ನಿನ್ನೆಯ ಬೋರ್ಡೋ ಇಂದಿನ ಕೊನೆಗೆ ಬಾರದು

ಮೃಗಶಿರ ಮಳೆ ಹಿಡಿಯುವ ಮೊದಲು ಕೊಳೆ ಔಷಧಿ ಹೊಡೆದು ಮುಗಿಸಬೇಕೆಂಬ ಅವಸರ ಜೋಯಿಡಾ ಕಡೆಯ ತೋಟಿಗರಿಗೆಲ್ಲ ಇದ್ದದ್ದೇ. ಕೊನೆಗೌಡ ಸಿಕ್ಕ ದಿನ ಮಳೆ. ಮಳೆ ಹೊಳವಾದ ದಿನ ಕೊನೆಗೌಡ ಇಲ್ಲ. ಮಧ್ಯಾಹ್ನಕ್ಕೆ ಕೆಲಸ ನಿಂತರೆ ಡ್ರಮ್ಮಿನಲ್ಲಿ ಉಳಿದ ಔಷಧಿಯನ್ನು ಚೆಲ್ಲಲು ಯಾರಿಗೆ ಮನಸ್ಸು ಬಂದೀತು? ನಾವೂ ಒಂದು ವರ್ಷ ಮುಚ್ಚಿಟ್ಟು, ಮೂರನೆಯ ದಿನ ಕದಡಿ ಹೊಡೆಸಿದೆವು. ಆಷಾಢದಲ್ಲಿ ನೋಡಿದರೆ ಆ ಸಾಲಿನ ಮರಗಳ ಬುಡದಲ್ಲೇ ಕೊಳೆ ಅಡಿಕೆ ಹೆಚ್ಚು ಬಿದ್ದಿತ್ತು. ಉಳಿಸಿದ್ದು ಅರ್ಧ ಡ್ರಮ್ಮು ಔಷಧಿ, ಕಳೆದದ್ದು ಒಂದು ಸಾಲಿನ ಬೆಳೆ.

ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಚಾರಕ್ಕೆ ತಂದ ದ್ರಾವಣವಿದು. ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು; ಕೊಟ್ಟೆ ಕಟ್ಟುತ್ತಿದ್ದ ಮಲೆನಾಡಿಗೆ ಬೋರ್ಡೋ ಬಂದದ್ದು ಅವರಿಂದ.

ಬೋರ್ಡೋ ರೋಗ ಗುಣಪಡಿಸುವ ಮದ್ದಲ್ಲ, ಕಾಯಿಗೆ ಬಳಿದ ತೆಳು ಬಣ್ಣವಿದ್ದಂತೆ. ಮೈಲುತುತ್ತ ಮತ್ತು ಸುಣ್ಣ ಕೂಡಿದ ಕೂಡಲೇ ಹುಟ್ಟುವ ಆಕಾಶನೀಲಿ ಕಣಗಳು ಲೋಳೆಯಂತೆ ಸಣ್ಣಗಿದ್ದು ಕಾಯಿಗೆ ಅಂಟಿ ಒಣಗುತ್ತವೆ. ಇಟ್ಟಷ್ಟೂ ಅವು ಹರಳುಗಟ್ಟಿ ದಪ್ಪನಾಗಿ ತಳಕ್ಕಿಳಿಯುತ್ತವೆ. ಕದಡಿದರೆ ಬಣ್ಣ ಮರಳಿ ಬರುತ್ತದೆ, ಅಂಟು ಬರುವುದಿಲ್ಲ. ಮೊದಲ ಜಡಿಮಳೆಗೇ ತೊಳೆದುಹೋಗುತ್ತದೆ.

ಹಾಗಾದರೆ ಏನನ್ನು ಕೂಡಿಡಬಹುದು? ಮೈಲುತುತ್ತದ ನೀರನ್ನೂ ಸುಣ್ಣದ ಹಾಲನ್ನೂ ಬೇರೆಬೇರೆಯಾಗಿ ಮುಚ್ಚಿಟ್ಟರೆ ಕೆಡುವುದಿಲ್ಲ. 1 ಕಿಲೋ ಮೈಲುತುತ್ತವನ್ನು 10 ಲೀಟರ್ ನೀರಿನಲ್ಲಿ ಕರಗಿಸಿಟ್ಟರೆ ಪ್ರತಿ ಲೀಟರಿನಲ್ಲಿ 100 ಗ್ರಾಂ ಇದ್ದಂತಾಯಿತು. ಬೇಕಾದಷ್ಟನ್ನೇ ಅಳೆದು, ತೆಳುಮಾಡಿ, ಆಗಿಂದಾಗ ಬೆರೆಸಬೇಕು. ಶೇಕಡಾ 1ರ ದ್ರಾವಣಕ್ಕೆ 50 ಲೀಟರ್ ನೀರಿನಲ್ಲಿ 1 ಕಿಲೋ ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ 1 ಕಿಲೋ ಸುಣ್ಣ. ಸುಣ್ಣದ ನೀರಿಗೆ ಮೈಲುತುತ್ತವನ್ನು ಸುರಿಯಬೇಕೇ ಹೊರತು ಸುಣ್ಣವನ್ನು ಮೈಲುತುತ್ತಕ್ಕಲ್ಲ. ಕಬ್ಬಿಣದ ಪಾತ್ರೆ ಕೂಡದು. ಬೆರೆಸಿದ್ದು ಉಳಿಯುವ ಅಂಜಿಕೆಯಿದ್ದರೆ ಬೆರೆಸಿದೊಡನೆಯೇ 100 ಲೀಟರಿಗೆ 100 ಗ್ರಾಂ ಬೆಲ್ಲ ಹಾಕಿದರೆ ಒಂದು ದಿನದ ಮಟ್ಟಿಗೆ ತಡೆದೀತು. ಉಳಿದ ಮೇಲೆ ಹಾಕಿ ಫಲವಿಲ್ಲ.

ನಿಜವಾಗಿ ಕೆಡುವ ಸಾಮಾನು ಸುಣ್ಣ. ಬಾಯಿ ತೆರೆದ ಚೀಲದಲ್ಲಿ ವರ್ಷಗಟ್ಟಲೆ ಕೂತ ಸುಣ್ಣ ಗಾಳಿಯ ಇಂಗಾಲಾಮ್ಲ ಹೀರಿ ಸೀಮೆಸುಣ್ಣದ ಪುಡಿಯಾಗುತ್ತದೆ. ತೂಕ ಸರಿಯಿದ್ದರೂ ಸತ್ವವಿಲ್ಲ. ಮೈಲುತುತ್ತದ ಖಾರ ಮುರಿಯದೆ ಸಿಂಗಾರ, ಎಳೆಗಾಯಿ ಸುಡುತ್ತವೆ. ಪರೀಕ್ಷೆ ಸುಲಭ: ಉಜ್ಜಿ ಹೊಳಪಿಸಿದ ಚಾಕುವನ್ನು ಒಂದು ನಿಮಿಷ ದ್ರಾವಣದಲ್ಲಿ ಹಿಡಿಯಿರಿ. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು.

ಕಾಂಡಕ್ಕೆ ಬಳಿಯುವ ಸುಣ್ಣಕ್ಕೂ ಇದೇ ಮಾತು. ಬಯಲು ಹತ್ತಿರದ ಹಳಿಯಾಳ, ಮುಂಡಗೋಡ ಕಡೆ ನೈಋತ್ಯದ ಬಿಸಿಲಿಗೆ ಅಡಿಕೆ ಕಾಂಡ ಸುಟ್ಟು ಸೀಳುವುದುಂಟು. ಅದಕ್ಕೆಂದೇ ಸುಣ್ಣ ಬಳಿಯುತ್ತೇವೆ. ಅರೇಬಿಕಾ ಕಾಫಿಯ ಕಾಂಡಕೊರಕ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡದಂತೆ 100 ಲೀಟರಿಗೆ 10 ಕಿಲೋ ಸುಣ್ಣ ಬಳಿಯುವುದೂ ರೂಢಿ. ಸುಣ್ಣ ಗಟ್ಟಿಯಾಗುವುದು ಮರದ ಮೇಲೆ ಗಾಳಿ ಹೀರಿ. ಚೀಲದಲ್ಲೇ ಗಾಳಿ ಕುಡಿದದ್ದು ಮರದ ಮೇಲೆ ಹಿಡಿಯುವುದಿಲ್ಲ, ಕೈ ತಾಗಿದರೆ ಉದುರುತ್ತದೆ.

ಆದ್ದರಿಂದ ಸುಣ್ಣವನ್ನು ಹಂಗಾಮಿಗೆ ಬೇಕಾದಷ್ಟೇ ತನ್ನಿ, ಅರಳಿಸಿ ನೀರಿನಡಿ ಮುಚ್ಚಿಡಿ. ಮಳೆಯ ಮುಖ ನೋಡಿ ಸಣ್ಣ ಸಣ್ಣ ಪಾಲು ಬೆರೆಸಿ. ಆದರೂ ಉಳಿದು ಹಳತಾದರೆ, ಹಳ್ಳಕ್ಕೆ ತಾಗದ ಕಡೆ ಗುಂಡಿ ತೋಡಿ ಚೆಲ್ಲಿ. ಚೆಲ್ಲಿದ ನಷ್ಟ ಆ ದಿನಕ್ಕೆ ಮುಗಿಯುತ್ತದೆ; ಹೊಡೆದ ನಷ್ಟ ಕೊನೆ ಕೊಯ್ಲಿನವರೆಗೂ ಬರುತ್ತದೆ.