ಅಷ್ಟುದ್ದದ ಸೀರೆ ಉಟ್ಟು ಕಳೆ ತೆಗೆಯುವುದು ಹೇಗೆ?

ಪ್ರಶ್ನೆ: ಒಂಬತ್ತು ಗಜದ ಸೀರೆ ಉಟ್ಟು ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬಿಸಿಲಲ್ಲಿ ಹೊಲದ ಕೆಲಸ ಮಾಡುತ್ತಿದ್ದುದು ಹೇಗೆ? ಸೆಕೆ, ತೊಡಕು ಆಗುತ್ತಿರಲಿಲ್ಲವೆ?

ಉತ್ತರ: ಗಜದ ಲೆಕ್ಕ ಕೇಳಿ ಗಾಬರಿಯಾಗಬೇಡಿ. ಸುಮಾರು 8 ಮೀಟರ್ ಬಟ್ಟೆ, ನಿಜ. ಆದರೆ ಕಚ್ಚೆ ಹಾಕಿದಾಗ ನಿರಿಗೆ ಕಾಲುಗಳ ನಡುವೆ ಹಾದು ಹಿಂದೆ ಸೊಂಟಕ್ಕೆ ಸಿಕ್ಕಿಕೊಳ್ಳುತ್ತದೆ. ಎರಡು ಕಾಲಿಗೂ ಬೇರೆ ಬೇರೆ ಸುತ್ತು ಬೀಳುವುದರಿಂದ ಕುಕ್ಕರಗಾಲಲ್ಲಿ ಕೂರಲು, ಬದು ದಾಟಲು ಅಡ್ಡಿಯಿಲ್ಲ. ಒಳಲಂಗವೂ ಬೇಡ. ಸೀರೆ ಸೆಕೆ ಎನ್ನುವವರು ನಿಜಕ್ಕೂ ಬೈಯಬೇಕಾದ್ದು ಬಿಗಿಯಾಗಿ ಲಾಡಿ ಕಟ್ಟಿದ ಆ ಲಂಗವನ್ನು, ಮತ್ತೆ ಪಾಲಿಯೆಸ್ಟರನ್ನು. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8% ತೇವ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ 1% ಕೂಡ ಇಲ್ಲ. ಬೆವರು ಮೈಗೇ ಅಂಟುವುದು ಅದಕ್ಕೆ.

ಹಳೆಯ ಮಾದರಿಯ ಇಳಕಲ್ ಸೀರೆಯಲ್ಲಿ ಈ ಜಾಣತನ ನೇಯ್ಗೆಯಲ್ಲೇ ಇದೆ. ಮೈಗೆ ತಾಗುವ ಒಡಲು ಹತ್ತಿ, ನಾಲ್ಕು ಜನ ನೋಡುವ ಸೆರಗು ಕೆಂಪು ರೇಷ್ಮೆ. ಎರಡರ ಹಾಸುನೂಲುಗಳನ್ನೂ ಕೊಂಡಿಗೆ ಕೊಂಡಿ ಸಿಕ್ಕಿಸಿ ಬೆಸೆಯುತ್ತಾರೆ ನೇಕಾರರು.

ಹತ್ತಿ ಬಿಡಿಸುವಾಗ ಸೆರಗು ಬಿಗಿದು ಉಡಿ ಮಾಡಿಕೊಂಡರೆ ಅರಳೆಗೆ ಬೇರೆ ಚೀಲ ಬೇಕಿಲ್ಲ. ಹಾಗೆಂದು ತೊಡಕೇ ಇಲ್ಲವೆನ್ನಲಾರೆ: ಮಳೆಯಲ್ಲಿ ನೆನೆದರೆ ಹೊರಲಾರದ ಭಾರ, ಒಗೆದು ಹಿಂಡುವುದು ಒಬ್ಬರ ಕೆಲಸವಲ್ಲ. ಈಗಂತೂ ಎಷ್ಟೋ ಕಡೆ ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ತೊಟ್ಟು ಕಳೆಗೆ ಇಳಿಯುತ್ತಾರೆ. ತೋಳಿಗೆ ಬಿಸಿಲು, ಮುಳ್ಳು ತಾಗದಂತೆ ಮಾಡುವ ಉಪಾಯ ಮಾತ್ರ ಸೀರೆಯಲ್ಲಿರಲಿಲ್ಲ.