ದೋಣಿ ಮೋಟರ್ ಸ್ಟಾರ್ಟ್ ಆಗವಲ್ದಾ? ಹೊಳೆಗಿಳಿಯೋ ಮೊದಲು ಇಗ್ನಿಷನ್ ಕಾಯಿಲ್ ನೋಡಿ

ಚಿಕ್ಕೋಡಿ: ಕೊಯ್ನಾ ಭಾಗದಲ್ಲಿ ಮಳೆ ಜೋರಾಯ್ತು ಅಂದ್ರೆ ನದಿ ತೀರದವರಿಗೆ ಮುಂದಿನದು ಗೊತ್ತೇ ಇದೆ. ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭಿವಶಿಯಂಥ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್ ಹಾಗೂ 2021ರ ಜುಲೈ ಪ್ರವಾಹದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಜನರನ್ನು ಹೊರತರಲು ದೋಣಿಗಳೇ ಬೇಕಾದವು.

ಇಂಥ ಹೊತ್ತಲ್ಲಿ ದೋಣಿಯ ಔಟ್‌ಬೋರ್ಡ್ ಮೋಟರ್ ನಡುನೀರಲ್ಲಿ ಬಂದ್ ಬಿದ್ರೆ ದೋಣಿ ಸೆಳವಿನ ಪಾಲು. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದ ಹಳೇ ಮೋಟರ್ ಹಗ್ಗ ಎಳೆದ್ರೂ ಸ್ಟಾರ್ಟ್ ಆಗದಿದ್ರೆ ಅನುಮಾನ ಪಡಬೇಕಾದ ಭಾಗಗಳಲ್ಲಿ ಇಗ್ನಿಷನ್ ಕಾಯಿಲ್ ಒಂದು.

ಕಾಯಿಲ್ ಕೆಲಸ ಏನು?

ಕಾಯಿಲ್ ಒಳಗೆ ತಾಮ್ರದ ತಂತಿಯ ಎರಡು ಸುತ್ತುಗಳಿವೆ. ಮೊದಲನೆಯದು ದಪ್ಪ ತಂತಿ, ಕಡಿಮೆ ಸುತ್ತು. ಎರಡನೆಯದು ಕೂದಲಿನಂಥ ತಂತಿ, ಸಾವಿರಾರು ಸುತ್ತು. ಫ್ಲೈವ್ಹೀಲ್‌ನ ಆಯಸ್ಕಾಂತದಿಂದ ಹುಟ್ಟಿದ ಕರೆಂಟ್ ಇಲ್ಲಿ ಸಾವಿರಾರು ವೋಲ್ಟ್‌ಗೆ ಏರಿ ಪ್ಲಗ್‌ನಲ್ಲಿ ಕಿಡಿ ಹಾರಿಸುತ್ತದೆ. ಹಳೇ ಟೂ-ಸ್ಟ್ರೋಕ್ ಬೈಕ್‌ನಲ್ಲೂ ಇದೇ ತತ್ವ.

ಪತ್ತೆ ಹಚ್ಚೋದು ಹೇಗೆ?

ಮೊದಲು ಪೆಟ್ರೋಲ್ ಪೈಪ್ ಬಿಚ್ಚಿ ಟ್ಯಾಂಕ್ ದೂರ ಇಡಿ. ಪ್ಲಗ್ ತೆಗೆದು ಕ್ಯಾಪ್‌ಗೆ ಸಿಕ್ಕಿಸಿ, ಪ್ಲಗ್‌ನ ತೂತಿನಿಂದ ದೂರ ಎಂಜಿನ್ ಲೋಹಕ್ಕೆ ತಾಗಿಸಿ ಹಗ್ಗ ಎಳೆಯಿರಿ. ವೈರ್ ಅನ್ನು ಬರಿಗೈಲಿ ಹಿಡಿಯಬಾರದು, ಶಾಕ್ ಹೊಡೆಯುತ್ತೆ. ನೀಲಿ ಕಿಡಿ ಚಟಚಟ ಅಂದ್ರೆ ಸರಿ. ಮಬ್ಬು ಹಳದಿ ಇದ್ರೆ ಅಥವಾ ಕಿಡಿಯೇ ಇಲ್ಲದಿದ್ರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ.

ಆಗಲೂ ಕಿಡಿ ಬರದಿದ್ರೆ ಸ್ಟಾಪ್ ಸ್ವಿಚ್ ವೈರ್ ಬಿಚ್ಚಿ ಎಳೆಯಿರಿ. ಕಿಡಿ ಬಂದ್ರೆ ತಪ್ಪು ಸ್ವಿಚ್‌ದು, ಕಾಯಿಲ್‌ದಲ್ಲ. ಸ್ವಿಚ್ ಸರಿಮಾಡಿ ವೈರ್ ಮತ್ತೆ ಜೋಡಿಸಲೇಬೇಕು. ಇಲ್ಲದಿದ್ರೆ ತುರ್ತಿನಲ್ಲಿ ಎಂಜಿನ್ ನಿಲ್ಲಿಸೋಕಾಗಲ್ಲ.

ಎರಡು ಸಿಲಿಂಡರ್ ಮೋಟರ್‌ಗೆ ಎರಡು ಪ್ರತ್ಯೇಕ ಕಾಯಿಲ್ ಇದ್ರೆ ಕೆಲಸ ಸುಲಭ. ಅದಲುಬದಲು ಮಾಡಿ. ತೊಂದರೆ ಇನ್ನೊಂದು ಸಿಲಿಂಡರ್‌ಗೆ ಹೋದ್ರೆ ಕಾಯಿಲ್ ಕೆಟ್ಟಿದೆ ಅಂತ ಲೆಕ್ಕ. ಮೀಟರ್ ಇದ್ರೆ ಎರಡೂ ಸುತ್ತಿನ ಓಮ್ ಅಳೆದು ಕಂಪನಿ ಪುಸ್ತಕದ ಅಂಕಿಗೆ ಹೋಲಿಸಬಹುದು.

ರಿಪೇರಿ ಆಗುತ್ತಾ?

ಪಂಪ್‌ಸೆಟ್ ಮೋಟರ್ ಸುಟ್ರೆ ರಿವೈಂಡಿಂಗ್ ಮಾಡಿಸೋದು ನಮ್ಮ ಕಡೆ ರೂಢಿ. ಕಾಯಿಲ್‌ಗೆ ಅದು ನಡೆಯಲ್ಲ, ಸುತ್ತುಗಳನ್ನು ರಾಳದಲ್ಲಿ ಮುಚ್ಚಿರುತ್ತಾರೆ. ಒಳಗೆ ತಂತಿ ಕಡಿದಿದ್ರೆ ಬದಲಿಸೋದೇ ದಾರಿ.

ಹೊರಗಿನ ದೋಷ ಮಾತ್ರ ಸರಿಮಾಡಬಹುದು. ಕಾಯಿಲ್ ಕೂರುವ ಬೋಲ್ಟ್ ಕೆಳಗೆ ತುಕ್ಕು ಹಿಡಿದ್ರೆ ಅರ್ಥಿಂಗ್ ಸಿಗಲ್ಲ, ಪಾಲಿಶ್ ಪೇಪರ್‌ನಿಂದ ಉಜ್ಜಿ ಬಿಗಿಯಿರಿ. ಪ್ಲಗ್ ವೈರ್ ತುದಿ ಹಸಿರುಗಟ್ಟಿದ್ರೆ, ಉದ್ದ ಸಾಕಾಗುವಷ್ಟಿದ್ರೆ, ಸ್ವಲ್ಪ ಕತ್ತರಿಸಿ ಹೊಸ ಕ್ಯಾಪ್ ಹಾಕಿ. ಕಾಯಿಲ್ ಮೈ ಬಿರುಕು ಬಿಟ್ಟಿದ್ರೆ ಕತ್ತಲಲ್ಲಿ ಹಗ್ಗ ಎಳೆದಾಗ ಅಲ್ಲೇ ಕಿಡಿ ಸೋರೋದು ಕಾಣಬಹುದು. ಅದನ್ನು ಒಣಗಿಸಿ ಎಪಾಕ್ಸಿ ಹಚ್ಚಬಹುದು, ಆದರೆ ಅದು ತಾತ್ಕಾಲಿಕ. ಪ್ರವಾಹಕ್ಕೆ ಒಯ್ಯೋ ಮೋಟರ್‌ಗೆ ಅದನ್ನು ನಂಬಬಾರದು.

ಅಂಗಡಿಯಲ್ಲಿ ಸಿಕ್ಕ ಬೈಕ್ ಕಾಯಿಲ್ ಕೂಡಿಸೋದೂ ಬೇಡ. ಸಿಡಿಐ ಮತ್ತು ಪಾಯಿಂಟ್ ಎಂಜಿನ್‌ಗಳ ಕಾಯಿಲ್ ಬೇರೆ ಬೇರೆ. ಮಾಡೆಲ್ ನಂಬರ್ ಬರೆದುಕೊಂಡು ಹೋಗಿ.

ಕೊನೆಯ ಪರೀಕ್ಷೆ

ಕೆಲವು ಕಾಯಿಲ್ ತಣ್ಣಗಿದ್ದಾಗ ಸರಿ ಇದ್ದು, ಕಾದ ಮೇಲೆ ಕೈಕೊಡುತ್ತವೆ. ಹಾಗಾಗಿ ಒಮ್ಮೆ ಸ್ಟಾರ್ಟ್ ಆಯ್ತು ಅಂತ ಖುಷಿಪಡಬೇಡಿ. ಗಾಳಿಯಾಡುವ ಜಾಗದಲ್ಲಿ, ನೀರು ತುಂಬಿದ ಬ್ಯಾರಲ್‌ನಲ್ಲಿ ಮೋಟರ್ ಕಾಲು ಮುಳುಗಿಸಿ, ಪಂಕ ಬಿಚ್ಚಿ, ಅರ್ಧ ತಾಸು ಓಡಿಸಿ ನೋಡಿ. ನೀರಿಲ್ಲದೆ ಓಡಿಸಿದ್ರೆ ವಾಟರ್ ಪಂಪ್ ಸುಡುತ್ತೆ.

ಇಷ್ಟೆಲ್ಲ ಮಾಡಿದ್ರೂ ಲೈಫ್ ಜಾಕೆಟ್, ಹುಟ್ಟು, ಹಗ್ಗ ದೋಣಿಯಲ್ಲಿ ಇರಲೇಬೇಕು. ಹೊಳೆ ತುಂಬಿದ ಮೇಲೆ ರಿಪೇರಿಗೆ ಟೈಮ್ ಸಿಗಲ್ಲ. ಈ ಕೆಲಸ ಮಳೆಗಿಂತ ಮೊದಲೇ ಮುಗಿಯಬೇಕು.