ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ನಮ್ಮ ಮೆಸ್ಸಿನ ಅರ್ಜಿಯೂ

ಹಾಸ್ಟೆಲ್ ಇಡ್ಲಿ ಬಗ್ಗೆ ನಾವೆಲ್ಲ ಎಷ್ಟು ಜೋಕ್ ಮಾಡಿದ್ದೀವಿ ಅಲ್ವಾ? ಕ್ರಿಕೆಟ್ ಬಾಲ್ ಅಂದ್ವಿ, ಸಿವಿಲ್ ಲ್ಯಾಬಿನ ಕಾಂಕ್ರೀಟ್ ಕ್ಯೂಬ್ ಅಂದ್ವಿ. ಈ ಸೆಮಿಸ್ಟರ್ ನಾವು ನಾಲ್ವರು ಜೋಕ್ ಬಿಟ್ಟು ಅರ್ಜಿಯನ್ನೇ ಬರೆದೆವು: 'ಮೆಸ್ಸಿನ ಅಡುಗೆಯವರನ್ನು ಬದಲಾಯಿಸಿ.' ಎರಡು ಹಾಳೆ ತುಂಬ ಸಹಿಯೂ ಆಯ್ತು. ಸೋಮವಾರ ವಾರ್ಡನ್ ಕೈಗೆ ಕೊಡೋದು ಅಂತ ತೀರ್ಮಾನ. ಹಿಂದಿನ ದಿನ ಭಾನುವಾರ, ಬೆಳಗಿನ ರೈಲು ಹತ್ತಿ ಕ್ಯಾತ್ಸಂದ್ರಕ್ಕೆ ತಿಂಡಿ ತಿನ್ನೋಕೆ ಹೋದೆವು.

ಕ್ಯಾತ್ಸಂದ್ರ ತುಮಕೂರಿಗೆ ಅಂಟಿಕೊಂಡಿರುವ ಊರು. ಸಿದ್ಧಗಂಗಾ ಮಠಕ್ಕೆ ಹೋಗುವವರು ಇಳಿಯುವ ಜಾಗ. ಆದರೆ ಇಡ್ಲಿಗಾಗಿಯೇ ಇಳಿಯುವವರೂ ಕಮ್ಮಿ ಇಲ್ಲ. ನಾವು ಹೊಕ್ಕಿದ್ದು ನಾಲ್ಕೈದು ಟೇಬಲ್ಲಿನ ಪುಟ್ಟ ಹೋಟೆಲ್. ಕೂತ ಕೂಡಲೇ ಯಜಮಾನರು ಹೇಳಿದ್ರು: "ಏನ್ರಪ್ಪಾ, ಐದು ನಿಮಿಷ ಕಾಯ್ತೀರಾ? ಇಳಿಸಿದ ಇಡ್ಲಿ ಇಲ್ಲ, ಬೇಯ್ತಾ ಇರೋದು ಇದೆ."

ಕಾದೆವು. ಬಂತು. ಅಂಗೈಗಿಂತ ಅಗಲ, ಬೆರಳಿಟ್ಟರೆ ಒಳಗಿಳಿದು ಮತ್ತೆ ಮೇಲೇಳುವಷ್ಟು ಮೆತ್ತಗೆ. ಮೇಲಿಟ್ಟ ಬೆಣ್ಣೆ ನೋಡ್ತಾ ಇದ್ದಂಗೇ ಕರಗಿ ಹೋಯ್ತು. ಪಕ್ಕದಲ್ಲಿ ಖಾರದ ಚಟ್ನಿ, ಗರಿಗರಿ ವಡೆ. ಸಾಂಬಾರ್ ಇಲ್ಲ, ಬೇಕು ಅಂತ ಅನಿಸಲೂ ಇಲ್ಲ. ಮೊದಲನೇ ಇಡ್ಲಿ ಮುಗಿಯೋವರೆಗೆ ನಾಲ್ವರಲ್ಲಿ ಒಬ್ಬರೂ ಮಾತಾಡಲಿಲ್ಲ. ಎರಡನೆಯದಕ್ಕೆ ಪ್ರಶ್ನೆ ಶುರುವಾಯ್ತು: ಅದೇ ಅಕ್ಕಿ, ಅದೇ ಉದ್ದು. ಹಾಗಾದ್ರೆ ನಮ್ಮ ಮೆಸ್ಸಲ್ಲಿ ಯಾಕೆ ಹೀಗೆ ಬರಲ್ಲ?

ಜನ ಸ್ವಲ್ಪ ಕಮ್ಮಿಯಾದ ಮೇಲೆ ಯಜಮಾನರು ಒಳಗೆ ಕರೆದು ತೋರಿಸಿದ್ರು. ಅಲ್ಲಿ ಕಂಡದ್ದಕ್ಕೆ ನಮ್ಮ ಸಿಲೆಬಸ್ಸಿನ ಭಾಷೆ ಸೇರಿಸಿ ಹೇಳ್ತೀವಿ.

ಮೊದಲು ಹಿಟ್ಟು. ರುಬ್ಬಿದ ಹಿಟ್ಟು ರಾತ್ರಿಯಿಡೀ ಹುದುಗಬೇಕು. ಉದ್ದು, ಅಕ್ಕಿಯ ಜೊತೆಗೇ ಬಂದ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಲ್ಯೂಕೊನೋಸ್ಟಾಕ್ ಅನ್ನೋ ಜಾತಿಯವು, ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತವೆ. ಆಮ್ಲದಿಂದ ಹದವಾದ ಹುಳಿ, ಅನಿಲದಿಂದ ಉಬ್ಬು. ಆ ಗುಳ್ಳೆಗಳು ಒಡೆದು ಹೋಗದಂತೆ ಹಿಡಿದಿಡೋದು ಉದ್ದಿನ ಪ್ರೋಟೀನ್ ಮತ್ತು ಅದರ ಲೋಳೆ. ಚಳಿಗಾಲದಲ್ಲಿ ಈ ಕೆಲಸ ನಿಧಾನ. ಅದಕ್ಕೇ ಮನೆಯಲ್ಲಿ ಅಮ್ಮಂದಿರು ಹಿಟ್ಟಿನ ಪಾತ್ರೆಯನ್ನು ಒಲೆ ಪಕ್ಕ ಬೆಚ್ಚಗೆ ಇಡೋದು.

ಎರಡನೆಯದು ಹಬೆ. ನೀರು ಕುದಿದು ಹಬೆ ಚೆನ್ನಾಗಿ ಏಳೋವರೆಗೆ ಅವರು ತಟ್ಟೆ ಒಳಗೆ ಇಡಲೇ ಇಲ್ಲ. ಕಾರಣ ನಮ್ಮ ಹೀಟ್ ಟ್ರಾನ್ಸ್‌ಫರ್ ಪುಸ್ತಕದಲ್ಲೇ ಇದೆ. ಒಂದು ಗ್ರಾಂ ಹಬೆ 100 ಡಿಗ್ರಿಯಲ್ಲಿ ನೀರಾದರೆ ಸುಮಾರು 2257 ಜೂಲ್ ಶಾಖ ಬಿಡುತ್ತೆ. ಒಂದು ಗ್ರಾಂ ನೀರು ಒಂದು ಡಿಗ್ರಿ ತಣ್ಣಗಾದರೆ ಬಿಡೋದು ಬರೀ 4.2 ಜೂಲ್. ಪಾತ್ರೆಯೊಳಗೆ ಗಾಳಿ ಉಳಿದಿದ್ದರೆ ಅದು ಹಿಟ್ಟಿನ ಮೇಲೆ ಕಂಬಳಿ ಹೊದಿಸಿದ ಹಾಗೆ, ಹಬೆ ನೇರವಾಗಿ ತಾಗೋಕೆ ಬಿಡಲ್ಲ. ಮೊದಲು ಹಬೆ ತುಂಬಿ ಗಾಳಿ ಹೊರಗೆ ಹೋಗಬೇಕು.

ಮೂರನೆಯದು ಆಕಾರ. ಇಡ್ಲಿ ಎಷ್ಟೇ ಅಗಲ ಇರಲಿ, ಬಿಸಿ ಒಳಗಿಳಿಯೋದು ದಪ್ಪದ ದಾರಿಯಲ್ಲಿ. ದಪ್ಪ ಎರಡರಷ್ಟಾದರೆ ನಡು ಬೇಯೋಕೆ ಬೇಕಾದ ಸಮಯ ಸುಮಾರು ನಾಲ್ಕರಷ್ಟು. ತಟ್ಟೆ ಇಡ್ಲಿ ಅಂಚಲ್ಲೂ ನಡುವಲ್ಲೂ ಹೆಚ್ಚುಕಮ್ಮಿ ಒಂದೇ ದಪ್ಪ. ಹಾಗಾಗಿ ನಡು ಹಸಿ ಉಳಿದು ಅಂಚು ಒಣಗೋ ಪ್ರಶ್ನೆಯಿಲ್ಲ.

ಇಷ್ಟು ಕೇಳಿ ನಮಗೆ ಖುಷಿ. ಮೆಸ್ಸಿನವರ ತಪ್ಪು ಇವುಗಳಲ್ಲೇ ಎಲ್ಲೋ ಇರಬೇಕು ಅಂದುಕೊಂಡೆವು. ಹೊರಡುವಾಗ ಒಬ್ಬ ಕೇಳಿದ: "ಅಣ್ಣಾ, ಮೊದಲೇ ಮಾಡಿಟ್ಟುಕೊಂಡ್ರೆ ಇಷ್ಟು ಜನ ಕಾಯೋದು ತಪ್ಪಲ್ವಾ?" ಅವರು ನಕ್ಕು, "ಜನ ಇಡ್ಲಿಗೆ ಕಾಯಬೇಕು ಕಣಪ್ಪಾ, ಇಡ್ಲಿ ಜನಕ್ಕೆ ಕಾಯಬಾರದು" ಅಂದ್ರು.

ವಾಪಸ್ ರೈಲಿನಲ್ಲಿ ಆ ಮಾತೇ ತಲೆಯಲ್ಲಿ. ಬೇಯುವಾಗ ಅಕ್ಕಿಯ ಪಿಷ್ಟ ನೀರು ಹೀರಿ ಉಬ್ಬಿ ಮೆತ್ತಗಾಗುತ್ತೆ. ತಣ್ಣಗಾಗ್ತಾ ಹೋದಂತೆ ಅದರ ಸರಪಳಿಗಳು ಮತ್ತೆ ಹತ್ತಿರ ಸೇರಿ ಬಿಗಿಯಾಗುತ್ತವೆ, ನೀರನ್ನ ಹೊರಗೆ ತಳ್ಳುತ್ತವೆ. ಇದಕ್ಕೆ ರೆಟ್ರೊಗ್ರೆಡೇಶನ್ ಅಂತಾರೆ. ಅನ್ನ ಫ್ರಿಜ್ಜಲ್ಲಿಟ್ಟರೆ ಗಟ್ಟಿಯಾಗೋದೂ ಇದರಿಂದಲೇ. ಎಷ್ಟೇ ಒಳ್ಳೆ ಹಿಟ್ಟಾದ್ರೂ ಗಂಟೆಗಟ್ಟಲೆ ಪಾತ್ರೆಯಲ್ಲಿ ಕೂತರೆ ಇಡ್ಲಿ ಗಟ್ಟಿಯಾಗಲೇಬೇಕು.

ಸಂಜೆ ಮೆಸ್ಸಿನ ಅಣ್ಣನ ಹತ್ರ ಹೋದೆವು. ಎರಡು ವರ್ಷದಲ್ಲಿ ಅವರ ಜೊತೆ ಕೂತು ಮಾತಾಡಿದ್ದು ಅದೇ ಮೊದಲು. ಅವರು ಏಳೋದು ಬೆಳಗಿನ ಜಾವ ನಾಲ್ಕಕ್ಕೆ. ಇಡ್ಲಿ ಪೂರ್ತಿ ಆರೂವರೆಗೆ ಮುಗಿಸಲೇಬೇಕು, ಯಾಕಂದ್ರೆ ಆಮೇಲೆ ಅದೇ ಒಲೆ ಮಧ್ಯಾಹ್ನದ ಅನ್ನ, ಸಾರಿಗೆ ಬೇಕು. "ಏಳು ಗಂಟೆಗೆ ಬಂದು ತಿನ್ನಿ, ಆಮೇಲೆ ಹೇಳಿ" ಅಂದ್ರು. ರೂಮಿಗೆ ಬಂದು ಸಹಿಯ ಹಾಳೆ ತೆಗೆದು ನೋಡಿದೆವು. ಒಂಬತ್ತಕ್ಕೆ ಮುಂಚೆ ಮೆಸ್ಸಿಗೆ ಹೋಗೋನು ಒಬ್ಬನೂ ಅದರಲ್ಲಿ ಇರಲಿಲ್ಲ. ನಮ್ಮನ್ನೂ ಸೇರಿಸಿ!

ಒಬ್ಬರ ಕೆಲಸ ಕಳೆಯೋ ಹಾಳೆಗೆ ನಾವು ಎಷ್ಟು ಸಲೀಸಾಗಿ ಸಹಿ ಹಾಕಿದ್ವಿ ಅಂತ ನಾಚಿಕೆಯಾಯ್ತು. ಸೋಮವಾರ ವಾರ್ಡನ್‌ಗೆ ಕೊಟ್ಟದ್ದು ಬೇರೆ ಅರ್ಜಿ: ಮೆಸ್ಸಿಗೆ ಇನ್ನೊಂದು ಒಲೆ ಕೊಡಿ, ಇಡ್ಲಿಯನ್ನ ಮೂರು ಸರದಿಯಲ್ಲಿ ಬೇಯಿಸೋಕೆ ಬಿಡಿ. ಒಲೆ ಇನ್ನೂ ಬಂದಿಲ್ಲ. ಆದರೆ ಮಧ್ಯಾಹ್ನದ ಅಡುಗೆ ಸ್ವಲ್ಪ ತಡ ಮಾಡಿ ಇಡ್ಲಿಯನ್ನ ಎರಡು ಸರದಿಯಲ್ಲಿ ಬೇಯಿಸೋಕೆ ಒಪ್ಪಿಗೆ ಸಿಕ್ಕಿದೆ. ಎರಡನೇ ಸರದಿ ಎಂಟೂವರೆಗೆ ಇಳಿಯುತ್ತೆ. ಸಾಲಿನಲ್ಲಿ ಹತ್ತು ನಿಮಿಷ ಜಾಸ್ತಿ ನಿಲ್ಲಬೇಕು, ಅದಕ್ಕೂ ಗೊಣಗೋರು ಇದ್ದಾರೆ.

ಕ್ಯಾತ್ಸಂದ್ರದ ಇಡ್ಲಿ ಅಷ್ಟು ಮೆತ್ತಗೆ ಬಂದಿಲ್ಲ, ನಿಜ. ಆದ್ರೆ ಕ್ರಿಕೆಟ್ ಬಾಲ್ ಅಂತೂ ಅಲ್ಲ. ಬರೋ ಇಡ್ಲಿ ದಿನ ಎಂಟೂವರೆಗೆ ಬನ್ನಿ, ಸಾಲಿನಲ್ಲಿ ಸಿಗ್ತೀವಿ.